ಮದುಮಗನನ್ನು ತೆಗೆದುಹಾಕಲು ಒಂದು ಡೆಕ್ಕು

ನಮ್ಮ ಮನೆಯ ವಿಸಿಆರಿಗೆ ನಾನೇ ಹೆಣೆದ ಒಂದು ಕ್ರೋಶಾ ಹೊದಿಕೆಯಿತ್ತು. ಬಿಳಿಯ ದಾರ, ಅಂಚಿನುದ್ದಕ್ಕೂ ಗುಲಾಬಿ ಬಣ್ಣದ ಹೂಗಳು. ಮನುಷ್ಯರಿಗೆ ಚಳಿಯಾದರೆ ಹಳೆಯ ಜಮಖಾನ, ಯಂತ್ರಕ್ಕೆ ಮಾತ್ರ ಹೊಸ ದಾರದ ಹೂವು ಎಂಬ ವ್ಯವಸ್ಥೆಯನ್ನು ಮನೆಯಲ್ಲಿ ಜಾರಿಗೆ ತಂದವರು ನಮ್ಮ ಯಜಮಾನರಾದ ಶ್ರೀನಿವಾಸರು. ಚಿಂತಾಮಣಿಯ ದೂಳು ಒಳಗೆ ಹೋದರೆ ಹೆಡ್ಡು ಸವೆಯುತ್ತದೆ ಎಂದು ಅವರು ದಿನಕ್ಕೊಮ್ಮೆ ಎಚ್ಚರಿಸುತ್ತಿದ್ದರು. ಯಾರದು ಎಂದು ನಾನು ಕೇಳುತ್ತಿರಲಿಲ್ಲ. ಸಂಸಾರ ಸಾಗಬೇಕಾದರೆ ಕೆಲವು ಪ್ರಶ್ನೆಗಳಿಗೂ ಒಂದೊಂದು ಹೊದಿಕೆ ಹೆಣೆದಿಟ್ಟಿರಬೇಕು, ಓದುಗ ಮಿತ್ರರೇ. ಅದು ನಿಮಗೂ ಗೊತ್ತಿರುವ ಕಸುಬೇ.

ಈ ವಿಸಿಆರನ್ನು ಮನೆಯವರೆಲ್ಲ ಸೇರಿ ಅಯೋಗ್ಯವೆಂದು ತೀರ್ಮಾನಿಸಿ, ಅದಕ್ಕಿಂತ ಯೋಗ್ಯವಾದ ಇನ್ನೊಂದು ಡೆಕ್ಕನ್ನು ಹುಡುಕಲು ಹೊರಟ ಕಥೆಯನ್ನು ನಿಮಗೆ ಹೇಳಬೇಕು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಆದರೆ ಕಥೆಯ ಬೇರು ಅದಕ್ಕೂ ಸುಮಾರು ಹತ್ತು ವರ್ಷ ಹಿಂದೆ, ನನ್ನ ನಾದಿನಿ ಭಾರತಿಯ ಮದುವೆಯಲ್ಲಿದೆ.

ಭಾರತಿಯನ್ನು ಗೌರಿಬಿದನೂರಿನ ಮೋಹನನಿಗೆ ಕೊಟ್ಟಿದ್ದರು. ಅವನು ವಿಡಿಯೋ ಲೈಬ್ರರಿ ಇಟ್ಟಿದ್ದ. ಜೊತೆಗೆ ಮದುವೆಗಳನ್ನು ಚಿತ್ರಿಸುವ ಕ್ಯಾಮೆರಾವೂ ಇತ್ತು. ಊರಿನವರ ಮದುವೆಗಳನ್ನೆಲ್ಲ ತೆಗೆದವನು ತನ್ನ ಮದುವೆಯನ್ನು ಪರರ ಕೈಗೆ ಒಪ್ಪಿಸುವುದುಂಟೆ? ಅಂಗಡಿಯ ಡೆಕ್ಕನ್ನೇ ಛತ್ರಕ್ಕೆ ಹೊತ್ತು ತಂದು ಬೆಂಚಿನ ಮೇಲಿಟ್ಟ. ಕ್ಯಾಮೆರಾದಿಂದ ಅದಕ್ಕೆ ವೈರು ಎಳೆದ. ಮಂತ್ರಗಳು ಸ್ಪಷ್ಟವಾಗಿ ಕೇಳಲೆಂದು ಹಸೆಯ ಪಕ್ಕದ ಬಾಳೆಕಂಬಕ್ಕೆ ಒಂದು ಮೈಕನ್ನೂ ಕಟ್ಟಿದ. ಕ್ಯಾಮೆರಾದ ಹಿಂದೆ ಸ್ನೇಹಿತನೊಬ್ಬನನ್ನು ನಿಲ್ಲಿಸಿದ್ದನೇನೋ ನಿಜ, ಆದರೆ ಅವನ ಮೇಲೆ ನಂಬಿಕೆ ಸಾಲದೆ, ಬಾಸಿಂಗ ಕಟ್ಟಿಕೊಂಡ ಮದುಮಗನೇ ಆಗಾಗ ಎದ್ದು ಹೋಗಿ ಲೆನ್ಸು ತಿರುಗಿಸಿ ಬಂದು ಕೂರುತ್ತಿದ್ದ. ಪುರೋಹಿತರು ಮೊದಮೊದಲು ಗದರಿದರು, ಆಮೇಲೆ ತಾವೂ ಕ್ಯಾಮೆರಾದ ಕಡೆ ಮುಖ ಮಾಡಿ ಮಂತ್ರ ಹೇಳತೊಡಗಿದರು. ಅಗ್ನಿಸಾಕ್ಷಿಗಿಂತ ಕ್ಯಾಸೆಟ್ಟಿನ ಸಾಕ್ಷಿಯೇ ಗಟ್ಟಿ ಎಂದು ಅವರಿಗೂ ಅನ್ನಿಸಿರಬೇಕು.

ಮದುವೆಯಾದ ವರ್ಷದೊಳಗೇ ನಮ್ಮ ಮಾವನವರು ತೀರಿಕೊಂಡರು. ಅದಾಗಿ ಸ್ವಲ್ಪ ಕಾಲಕ್ಕೆ ಒಂದು ಮಧ್ಯಾಹ್ನ ಭಾರತಿ ಕೈಯಲ್ಲೊಂದು ಚೀಲ ಹಿಡಿದು ಮನೆಗೆ ಬಂದಳು, ಮತ್ತೆ ಹೋಗಲಿಲ್ಲ. ಹೊಡೆತವಿಲ್ಲ, ಬೈಗುಳವಿಲ್ಲ. "ಅಲ್ಲಿ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅತ್ತಿಗೆ" ಎಂದಷ್ಟೇ ನನ್ನೊಡನೆ ಹೇಳಿದಳು. ಮೋಹನನಿಗೆ ಮನುಷ್ಯರನ್ನು ನೋಡಬೇಕಾದರೆ ನಡುವೆ ಒಂದು ಗಾಜು ಬೇಕಾಗಿತ್ತೆಂದು ತೋರುತ್ತದೆ. ಗಾಜಿನ ಈಚೆಗೆ ಬಂದು ಅನ್ನ ಬಡಿಸುವ ಹೆಂಡತಿ ಅವನ ದೃಷ್ಟಿಯ ವ್ಯಾಪ್ತಿಗೇ ಬರಲಿಲ್ಲ. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ಸಂಬಂಧ ಕಡಿದುಕೊಂಡರು. ನಮ್ಮ ಮನೆಯಲ್ಲಿ ಅವನ ಹೆಸರಿಗೆ ನಿಷೇಧ ಬಿತ್ತು.

ಹೆಸರು ಹೇಳುವಂತಿಲ್ಲವೆಂದ ಮೇಲೆ ಅತ್ತೆಯವರ ಸಿಟ್ಟಿಗೆ ಬೇರೊಂದು ವಿಳಾಸ ಬೇಕಲ್ಲ. ಅದು ಗೋಡೆಯ ಮೇಲಿದ್ದ ಮಾವನವರ ಫೋಟೋ ಆಯಿತು. ಆ ಸಂಬಂಧ ತಂದವರು ಮಾವನವರು. ದಿನಾ ಬೆಳಗ್ಗೆ ಅತ್ತೆ ಫೋಟೋಗೆ ಕನಕಾಂಬರ ಮುಡಿಸುತ್ತಲೇ, "ಮಗಳನ್ನ ಒಂದ್ ಮಾತು ಕೇಳ್ಲಿಲ್ಲ ಕಣಯ್ಯಾ ನೀನು. ತಳ್ಬಿಟ್ಟು ಕೈ ತೊಳ್ಕೊಂಡೆ" ಎನ್ನುತ್ತಿದ್ದರು. ಹೂವೂ ಬೈಗಳೂ ಒಂದೇ ತಟ್ಟೆಯಲ್ಲಿ ಸಲ್ಲುತ್ತಿದ್ದವು. ಭಾರತಿ ಅದನ್ನು ಕೇಳಿಸಿಕೊಂಡು, ತಲೆ ಬಾಚಿಕೊಂಡು, ಶಿಡ್ಲಘಟ್ಟದ ಬಸ್ಸು ಹಿಡಿದು ತನ್ನ ರೇಷ್ಮೆ ಕಚೇರಿಗೆ ಹೋಗುತ್ತಿದ್ದಳು. ಕಚೇರಿಯ ಕೆಲಸ ಅವಳಿಗೆ ಮನೆಗೆ ಹಿಂತಿರುಗಿದ ಮೇಲೆ ಸಿಕ್ಕಿದ್ದು.

ಅದೇ ಕಚೇರಿಯಲ್ಲಿದ್ದ ಸಾದಲಿಯ ಪ್ರಭಾಕರ ಎಂಬುವವರನ್ನು ಮದುವೆಯಾಗುತ್ತೇನೆಂದು ಒಂದು ಭಾನುವಾರ ಅವಳು ಹೇಳಿದಾಗ ಮನೆಯಲ್ಲಿ ಸಂತೋಷಕ್ಕಿಂತ ಮೊದಲು ಗಾಬರಿ ಎದ್ದಿತು. ಕಾರಣ, ಅವಳ ಚೀಲದಲ್ಲೇ ಮನೆಗೆ ಬಂದಿದ್ದ ಆ ಹಳೆಯ ಮದುವೆಯ ಕ್ಯಾಸೆಟ್ಟು. ಅದನ್ನು ಸುಟ್ಟುಹಾಕಬಹುದಿತ್ತು, ಆದರೆ ಮಾವನವರು ನಡೆದಾಡುವುದು, ಮಾತಾಡುವುದು ಲೋಕದಲ್ಲಿ ಉಳಿದಿದ್ದರೆ ಅದೊಂದರಲ್ಲಿ ಮಾತ್ರ. ದಿನಾ ಬೈಯುತ್ತಿದ್ದರೂ ಅತ್ತೆಗೆ ಆ ದನಿ ಬೇಕಾಗಿತ್ತು. ಉತ್ತರ ಕೊಡದ ಫೋಟೋವನ್ನು ಎಷ್ಟು ದಿನ ಬೈಯಲಾದೀತು?

"ಸೀನ, ಅದೇನೋ ಕಂಪ್ಯೂಟರ್ನಲ್ಲಿ ಬೇಕಾದ್ದು ಇಟ್ಕೊಂಡು ಬೇಡಾದ್ದು ತೆಗೀಬೋದಂತಲ್ಲೋ. ನಿಮ್ಮಪ್ಪ ಇರ್ಬೇಕು. ಆ ಮನುಷ್ಯ ಇರ್ಬಾರ್ದು. ಹೊಸಾ ಅಳಿಯ ಬರೋದ್ರೊಳಗೆ ಮಾಡ್ಬಿಡಪ್ಪ" ಎಂದು ಅಪ್ಪಣೆಯಾಯಿತು.

ಮದುವೆಯಿಂದ ಮದುಮಗನನ್ನು ತೆಗೆಯುವುದು! ಕೋಸಂಬರಿಯಿಂದ ಹೆಸರುಬೇಳೆ ಆರಿಸಿ ತೆಗೆಯುವಷ್ಟೇ ಸುಲಭವೆಂಬಂತೆ ನಮ್ಮವರು ತಲೆಯಾಡಿಸಿದರು. ಟೆಲಿಫೋನ್ ಕಚೇರಿಯಲ್ಲಿ ದುಡಿಯುವ ಅವರಿಗೆ ವೈರು ಕಂಡರೆ ವಾತ್ಸಲ್ಯ. ಬೆಂಗಳೂರಿನಿಂದ ಕಂಪ್ಯೂಟರೊಂದನ್ನು ಜೋಡಿಸಿ ತಂದಿದ್ದರು; ಈಗ ವಿಡಿಯೋವನ್ನು ಒಳಕ್ಕೆ ಎಳೆದುಕೊಳ್ಳುವ ಕಾರ್ಡನ್ನೂ ಅದರ ಹೊಟ್ಟೆಗೆ ಸೇರಿಸಿದರು. ಆ ದಿನಗಳಲ್ಲಿ 'ಡಿಜಿಟಲ್' ಎಂಬ ಶಬ್ದವನ್ನು ಅವರು ಉಚ್ಚರಿಸುತ್ತಿದ್ದ ರೀತಿಯಲ್ಲಿ ಬೀಜಾಕ್ಷರದ ಗಾಂಭೀರ್ಯವಿತ್ತು. "ಎಲ್ಲಾ ಡೆಕ್ಕಿನ ಮೇಲಿದೆ ಕಣೇ. ಡೆಕ್ಕು ಸರಿ ಇಲ್ದೆ ಡಿಜಿಟಲ್ ಮಾಡಿದ್ರೆ ಕಸಾನ ಬಂಗಾರದ ಡಬ್ಬೀಲಿ ಇಟ್ಟಂಗೆ" ಎಂದು ನನಗೆ ಬೋಧಿಸಿದರು.

ಮೊದಲು ನಮ್ಮದೇ ವಿಸಿಆರಿನ ಪರೀಕ್ಷೆ ನಡೆಯಿತು. ಹೊದಿಕೆ ತೆಗೆದು ಕ್ಯಾಸೆಟ್ಟು ನೂಕಿದರೆ, ಛತ್ರದ ಕಂಬಗಳು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಬಾಗಿದವು. ಮಾವನವರು ನೀಲಿ ನೆರಳಾಗಿ ಬಂದು, ಬಿಳಿಯ ಪಟ್ಟೆಯೊಂದರ ಹಿಂದೆ ಕರಗಿ, ಬಾವಿಯೊಳಗಿನಿಂದ ಏನೋ ಹೇಳಿ ಹೋದರು. ಅತ್ತೆ ಸೆರಗಿನಿಂದ ಕಣ್ಣೊರಸಿಕೊಂಡು, "ಬದುಕಿದ್ದಾಗ್ಲೂ ಇಂಗೇ, ಒಂದ್ ಮಾತೂ ನೆಟ್ಟಗೆ ಆಡ್ತಿರ್ಲಿಲ್ಲ" ಎಂದರು.

ಅಲ್ಲಿಂದ ಡೆಕ್ಕು ನೋಡುವ ಶಾಸ್ತ್ರ ಆರಂಭವಾಯಿತು. ಊರಿನ ಪರಿಚಿತರ ಮನೆಗಳಿಂದ ಡೆಕ್ಕುಗಳು ಒಂದೊಂದಾಗಿ ನಮ್ಮ ನಡುಮನೆಗೆ ಬಂದು, ಜಮಖಾನದ ಮೇಲೆ ಕೂತು, ತಮ್ಮ ಗುಣಸ್ವಭಾವಗಳನ್ನು ತೋರಿಸಿ ಹೋದವು. ಕೊಲ್ಲಿ ದೇಶದಿಂದ ಬಂದದ್ದು ಬಣ್ಣದಲ್ಲಿ ಚೆಲುವು, ಆದರೆ ಟೇಪು ತಿನ್ನುವ ಚಟ. ಇನ್ನೊಂದು ಸಾಧು, ಆದರೆ ಕಿವುಡು. ನಮ್ಮವರು ಪ್ರತಿಯೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ವಿಚಾರಿಸುತ್ತಿದ್ದರು: ಟೇಪು ಓದುವ ಹೆಡ್ಡು ಎಷ್ಟು, ಎಷ್ಟು ವರ್ಷ ದುಡಿದಿದೆ, ಯಾರ ಮನೆಯಲ್ಲಿತ್ತು, ಕೈ ಬದಲಾಗಿದೆಯೆ, ಬಿಸಿಯಾದರೆ ಹೇಗೆ ವರ್ತಿಸುತ್ತದೆ, ಎಂದಾದರೂ ಬಿದ್ದಿದೆಯೆ. ನಾನು ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದೆ. ಭಾರತಿಗೆ ಗಂಡು ನೋಡಲು ಹೋದಾಗ ಇದೇ ಮನೆಯವರು ಕೇಳಿದ್ದು ಎರಡೇ ಪ್ರಶ್ನೆ: ಸ್ವಂತ ಅಂಗಡಿಯೆ? ಕುಡಿಯುತ್ತಾನೆಯೆ? ಬಿಸಿಯಾದರೆ ಹೇಗೆ, ಮಾತಿಗೆ ಉತ್ತರ ಕೊಡುತ್ತಾನೆಯೆ, ಪಕ್ಕದಲ್ಲಿ ಕೂತವರು ಕಣ್ಣಿಗೆ ಬೀಳುತ್ತಾರೆಯೆ ಎಂಬುದೆಲ್ಲ ಅಂದು ಯಾರಿಗೂ ಹೊಳೆದಿರಲಿಲ್ಲ. ಅನುಭವದಿಂದ ಮನುಷ್ಯ ಪಾಠ ಕಲಿಯುತ್ತಾನೆ ಎನ್ನುವುದು ಸುಳ್ಳಲ್ಲ. ಕಲಿತ ಪಾಠವನ್ನು ಯಂತ್ರಗಳ ಮೇಲೆ ಪ್ರಯೋಗಿಸುತ್ತಾನೆ, ಅಷ್ಟೇ.

ಕೊನೆಗೆ ಶಿಡ್ಲಘಟ್ಟದ ವಿಡಿಯೋದವರೊಬ್ಬರು ತಮ್ಮ ದೊಡ್ಡ ಡೆಕ್ಕನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದರು. ಕತ್ತಿಗೆ ಬಂಗಾರದ ಸರ, ಬೆರಳಿಗೆ ಕಾರಿನ ಬೀಗದ ಕೈ. ತಾಲ್ಲೂಕಿನ ಅರ್ಧದಷ್ಟು ದಾಂಪತ್ಯಗಳು ತಮ್ಮ ಕೈಯಿಂದಲೇ ಶುರುವಾದದ್ದೆಂಬ ಠೀವಿ. ಅವರ ಡೆಕ್ಕಿನಲ್ಲಿ ಛತ್ರದ ಕಂಬಗಳು ನೆಟ್ಟಗೆ ನಿಂತವು. ಆದರೆ ದನಿ ಮಾತ್ರ ಬಾವಿಯಿಂದ ಮೇಲೆ ಬರಲಿಲ್ಲ.

"ಟೇಪೇ ಹೋಗ್ಬಿಟ್ಟಿದೆ ಸಾರ್" ಎಂದು ಅವರು ಮರಣ ಪ್ರಮಾಣಪತ್ರ ಬರೆದುಕೊಟ್ಟರು. "ನನ್ ಡೆಕ್ಕಲ್ಲೇ ಬರ್ಲಿಲ್ಲ ಅಂದ್ರೆ ಎಲ್ಲೂ ಬರಲ್ಲ. ಇದ್ಯಾಕೆ ಬಿಡಿ, ಬೇರೆ ಮದ್ವೆ ಇದ್ರೆ ಹೇಳಿ."

ಬೇರೆ ಮದುವೆ ಇದೆ ಎಂದು ಹೇಳಲು ಯಾರೂ ಬಾಯಿ ತೆರೆಯಲಿಲ್ಲ. ಅವರು ಹೋದ ಮೇಲೆ ನಮ್ಮವರು ತಲೆಯ ಮೇಲೆ ಕೈಹೊತ್ತು ಕೂತರು. ಮೂಲೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದ ಭಾರತಿ, ಮಡಿಸುವುದನ್ನು ನಿಲ್ಲಿಸದೆ ಹೇಳಿದಳು.

"ಟೇಪ್ ಹೋಗಿಲ್ಲ ಅಣ್ಣ. ಅದು ರೆಕಾರ್ಡ್ ಆಗಿರೋ ಡೆಕ್ಕಿನ ಹೆಡ್ಡೇ ಸ್ವಲ್ಪ ವಾರೆ. ಅದ್ರಲ್ಲಿ ತೆಗ್ದಿದ್ದು ಅದ್ರಲ್ಲೇ ಸರಿಯಾಗಿ ಕೇಳ್ಸೋದು. ಬೇರೆಲ್ಲಿ ಹಾಕಿದ್ರೂ ಇಂಗೇ."

"ನಿನ್ಗೆಂಗೆ ಗೊತ್ತು?"

"ಆ ಅಂಗಡೀಲಿ ಇದ್ದವಳು ನಾನಲ್ವಾ."

"ಮತ್ತೆ ಮೊದ್ಲೇ ಯಾಕೆ ಹೇಳ್ಲಿಲ್ಲಮ್ಮ? ಊರಲ್ಲಿರೋ ಡೆಕ್ಕೆಲ್ಲಾ ಹೊತ್ತು ತಂದ್ನಲ್ಲ ನಾನು."

"ಯಾರು ಕೇಳಿದ್ರು ನನ್ನ?" ಎಂದು ಅವಳು ಅಣ್ಣನ ಅಂಗಿಯ ಕಾಲರು ನೇರ ಮಾಡಿದಳು. ಆಮೇಲೆ, "ನಾನೂ ಅತ್ತಿಗೇನೂ ಹೋಗಿ ಕೇಳ್ಕೊಂಡು ಬರ್ತೀವಿ" ಎಂದಳು.

ಪರಿಸ್ಥಿತಿಯ ಸೊಗಸನ್ನು ನೀವು ಗಮನಿಸಬೇಕು. ಒಬ್ಬ ಮನುಷ್ಯನನ್ನು ನಮ್ಮ ಕುಲದ ಚರಿತ್ರೆಯಿಂದ ಅಳಿಸಿಹಾಕಬೇಕು. ಅದಕ್ಕೆ ಬೇಕಾದ ಸಲಕರಣೆ ಲೋಕದಲ್ಲಿ ಅವನೊಬ್ಬನ ಬಳಿ ಮಾತ್ರ ಇದೆ. ಅತ್ತೆಗೆ ನಿಜ ಹೇಳುವ ಧೈರ್ಯ ಗಂಡಸರಾದ ನಮ್ಮವರಿಗೆ ಇರಲಿಲ್ಲವಾದ್ದರಿಂದ, ಹೆಂಗಸರಿಬ್ಬರೂ ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ನಾಗರಕಲ್ಲಿಗೆ ಪೂಜೆ ಮಾಡಿಸಿಕೊಂಡು ಬರುತ್ತಾರೆ ಎಂದು ಹೇಳಿದರು. ಅತ್ತೆ ಸಂತೋಷದಿಂದ ತೆಂಗಿನಕಾಯಿ, ಅರಿಸಿನ, ಹಾಲಿನ ಚೊಂಬು ಕೊಟ್ಟು ಕಳಿಸಿದರು. ಸುಳ್ಳು ಸುಳ್ಳಾಗಬಾರದೆಂದು ನಾವು ಮೊದಲು ಅಲ್ಲಿಗೇ ಹೋಗಿ ಕಲ್ಲಿಗೆ ಹಾಲೆರೆದು, ಆಮೇಲೆ ಗೌರಿಬಿದನೂರಿನ ಪೇಟೆಗೆ ಬಂದೆವು. ದಾರಿಯುದ್ದಕ್ಕೂ ನಾನು ಲೆಕ್ಕ ಹಾಕುತ್ತಿದ್ದೆ. ಅವನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ? ಮದುವೆ ಹತ್ತಿರ ಬಂದಿರುವಾಗ ಇವಳು ಮತ್ತೆ ಅವನ ಹೊಸಿಲು ತುಳಿದಳೆಂದು ಸಾದಲಿಗೆ ಸುದ್ದಿ ಹೋದರೆ? ಭಾರತಿ ಮಾತ್ರ ಕಿಟಕಿಯಾಚೆ ನೋಡುತ್ತ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದಳು.

ವಿಡಿಯೋ ಲೈಬ್ರರಿ ಇದ್ದ ಕಡೆ ಈಗ ಎಸ್‌ಟಿಡಿ ಬೂತು. ಹಿಂದಿನ ಗೋಡೆಯ ತುಂಬ ಕ್ಯಾಸೆಟ್ಟುಗಳು ದೂಳು ಹಿಡಿದು ಕೂತಿದ್ದವು. ಮೋಹನ ನಮ್ಮನ್ನು ಕಂಡವನೇ ಕುರ್ಚಿಯಿಂದ ಎದ್ದು ನಿಂತ. ಸ್ವಲ್ಪ ಹೊಟ್ಟೆ ಬಂದಿತ್ತು, ಕೂದಲು ಹಿಂದೆ ಸರಿದಿತ್ತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಹೆಸರಿಲ್ಲದೆ ಬೆಳೆದು ರಾಕ್ಷಸಾಕಾರ ತಾಳಿದ್ದವನು ಇಷ್ಟು ಸಾಧಾರಣ ಮನುಷ್ಯನಾಗಿ ನಿಂತದ್ದನ್ನು ಕಂಡು ನನಗೆ ನಿರಾಶೆಯೇ ಆಯಿತು.

"ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ನನ್ನನ್ನು ನೋಡಿ ಹೇಳಿದ. ಅವಳನ್ನು ಏನೆಂದು ಕರೆಯಬೇಕೋ ತಿಳಿಯದೆ ಇನ್ನೊಂದು ಕುರ್ಚಿಯನ್ನು ಮುಂದೆ ತಳ್ಳಿದ.

ಭಾರತಿ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು. "ಇದನ್ನ ಕಂಪ್ಯೂಟರ್ಗೆ ಹಾಕ್ಬೇಕು. ನಿಮ್ಮ ಹಳೇ ಡೆಕ್ಕು ಇದೆಯಾ?"

"ಇದೆ. ಯಾರೂ ತಗೊಳ್ಳಲ್ಲ ಅಂತ ಇಟ್ಕೊಂಡಿದೀನಿ. ಇದ್ಯಾಕೆ ಈಗ?"

ನಾನು ಒಂದು ಸೌಮ್ಯವಾದ ಸುಳ್ಳನ್ನು ನಾಲಿಗೆಯ ತುದಿಗೆ ತಂದುಕೊಳ್ಳುವಷ್ಟರಲ್ಲಿ ಅವಳೇ ಹೇಳಿಬಿಟ್ಟಳು. "ಅಪ್ಪನ್ನ ಇಟ್ಕೊಂಡು ನಿಮ್ಮನ್ನ ತೆಗೀಬೇಕಂತೆ. ಅಮ್ಮ ಹೇಳಿದಾರೆ. ನಾನು ಮದ್ವೆ ಆಗ್ತಿದೀನಿ."

ಮೋಹನ ಸ್ವಲ್ಪ ಹೊತ್ತು ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಳ್ಳೇದಾಗ್ಲಿ" ಎಂದ. ಆಮೇಲೆ, "ನನ್ನ ತೆಗೆಯೋದು ಅಷ್ಟೇನು ಕಷ್ಟ ಆಗಲ್ಲ ಬಿಡಿ. ನಾನೆಲ್ಲಿದೀನಿ ಅದ್ರಲ್ಲಿ" ಎಂದು ಎದ್ದು, ಒಳಗಿನಿಂದ ಡೆಕ್ಕು ತಂದು, ಮುಚ್ಚಳ ಬಿಚ್ಚಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದ. ಅಷ್ಟು ಮೃದುವಾಗಿ ಅವನು ಏನನ್ನಾದರೂ ಮುಟ್ಟಬಲ್ಲನೆಂಬುದು ನನಗೆ ಹೊಸ ವಿಷಯವಾಗಿತ್ತು. ಭಾರತಿಗೆ ಹಳೆಯದಿರಬೇಕು; ಅವಳು ಗೋಡೆಯ ಕಡೆ ನೋಡುತ್ತಿದ್ದಳು.

ಟಿವಿಯಲ್ಲಿ ಛತ್ರ ಕಣ್ಣು ಬಿಟ್ಟಿತು. ಕಂಬಗಳು ನೆಟ್ಟಗಿದ್ದವು. ವಾಲಗದವನ ಉಸಿರೂ, ಬಳೆಗಳ ಸದ್ದೂ, ಅಡುಗೆಮನೆಯಲ್ಲಿ ಕೊಳಗ ಎಳೆದದ್ದೂ ಸ್ಪಷ್ಟವಾಗಿ ಕೇಳಿಸಿತು. ಮೋಹನ ಹೇಳಿದ್ದು ನಿಜ. ಹಸೆಯ ಮೇಲೆ ಬಹಳ ಹೊತ್ತು ಭಾರತಿಯೊಬ್ಬಳೇ ಇದ್ದಳು, ಪಕ್ಕದ ಮಣೆ ಖಾಲಿ. ನಮ್ಮವರು ಇಷ್ಟು ಕಾಲ ಕತ್ತರಿ ಮಸೆದಿದ್ದೆಲ್ಲ ವ್ಯರ್ಥ. ಮದುಮಗ ತನ್ನನ್ನು ತಾನೇ ಮುಂಚಿತವಾಗಿ ಕತ್ತರಿಸಿಕೊಂಡಿದ್ದ.

ಆ ಖಾಲಿ ಮಣೆಯ ಹಿಂದಿನಿಂದ ಮಾವನವರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ. ಒಮ್ಮೆ ಮಣೆಯನ್ನೂ ಒಮ್ಮೆ ಕ್ಯಾಮೆರಾದ ಕಡೆಯನ್ನೂ ನೋಡಿ, ಮಗಳ ಕಿವಿಯ ಹತ್ತಿರ ಬಗ್ಗಿದರು. ಅದೇ ಬಾವಿಯೊಳಗಿನ ಮಾತು. ಮಂತ್ರಕ್ಕೆಂದು ಕಟ್ಟಿದ್ದ ಮೈಕು ಅದನ್ನು ಹಿಡಿದಿಟ್ಟಿತ್ತು.

"ಅಮ್ಮಾಯಿ, ಮನ್ಸಿಲ್ದೆ ಇದ್ರೆ ಈಗ್ಲೇ ಹೇಳು. ಎದ್ದು ಹೋಗಣ. ಜನಕ್ಕೆ ನಾನು ಹೇಳ್ಕಂತೀನಿ."

"ಪರ್ವಾಗಿಲ್ಲಪ್ಪ" ಎಂದಳು ಟಿವಿಯೊಳಗಿನ ಭಾರತಿ.

ಮಾವನವರು ಮಗಳ ತಲೆ ಮುಟ್ಟಿ ಮುಂದೆ ಹೋದರು. ಮೋಹನ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

"ಇದು ನನ್ಗೆ ಗೊತ್ತಿರ್ಲಿಲ್ಲ" ಎಂದ ಕೊನೆಗೆ. "ನಾನು ಆಗ ಫೋಕಸ್ ನೋಡ್ತಿದ್ದೆ."

ಭಾರತಿ ಕ್ಯಾಸೆಟ್ಟನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಅವನು ಡೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಗ್ಗ ಬಿಗಿದು, ಬಸ್‌ಸ್ಟ್ಯಾಂಡಿನವರೆಗೂ ತಾನೇ ಹೊತ್ತು ತಂದು, "ವಾಪಸ್ ತರೋಕೆ ಅಂತ ಮತ್ತೆ ಬರೋದ್ ಬೇಡ, ಅಲ್ಲೇ ಇರ್ಲಿ" ಎಂದು ಹೇಳಿ ಹೋದ.

ಬಸ್ಸು ಮಂಚೇನಹಳ್ಳಿ ದಾಟಿದ ಮೇಲೆ, ಇಬ್ಬರ ತೊಡೆಗಳ ಮೇಲೂ ಅರ್ಧರ್ಧ ಕೂತಿದ್ದ ಆ ಪೆಟ್ಟಿಗೆಯ ಮೇಲಿಂದ ನಾನು ಕೇಳಿದೆ. "ಮಾವ ಹೇಳಿದ್ದು ಟೇಪಲ್ಲಿದೆ ಅಂತ ನಿನ್ಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು ಅತ್ತಿಗೆ. ಅಪ್ಪ ಹೋದ್ಮೇಲೆ ಮಧ್ಯಾಹ್ನ ಅಂಗಡೀಲಿ ಒಬ್ಳೇ ಇದ್ದಾಗ ಹಾಕ್ಕೊಂಡು ನೋಡ್ತಿದ್ದೆ. 'ಎದ್ದು ಹೋಗಣ' ಅಂತ ಅಪ್ಪ ದಿನಾ ಹೇಳೋರು. ಒಂದಿನ ಎದ್ದು ಬಂದ್ಬಿಟ್ಟೆ."

ಹೊರಗೆ ಹಿಪ್ಪುನೇರಳೆ ತೋಟಗಳು ಸರಿಯುತ್ತಿದ್ದವು. "ಅಮ್ಮ ಇಷ್ಟ್ ವರ್ಷ ಅವ್ರನ್ನ ಬೈತಿದ್ರಲ್ಲೇ, ಆಗ ಹೇಳ್ಬಾರ್ದಿತ್ತಾ?" ಎಂದೆ.

"ಹೇಳಿದ್ರೆ ಆ ಬೈಗಳು ನನ್ ಕಡೆ ತಿರುಗ್ತಿತ್ತು. ಫೋಟೋಗೆ ಬೈದ್ರೆ ಫೋಟೋಗೇನು ನೋಯಲ್ಲ ಅಂದ್ಕೊಂಡೆ." ಅವಳು ಪೆಟ್ಟಿಗೆಯ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. "ನೋಯುತ್ತೇನೋ ಅಂತ ಈಚೀಚೆಗೆ ಅನ್ಸುತ್ತೆ."

ಮನೆಯಲ್ಲಿ ಅತ್ತೆ ವಿದುರಾಶ್ವತ್ಥದ ಪ್ರಸಾದದ ಗಾತ್ರವನ್ನು ಕಂಡು ಬೆರಗಾದರು. ಇದೇನೆಂದು ಕೇಳಿದಾಗ ಭಾರತಿ ಎಲ್ಲಿಂದ ತಂದದ್ದೆಂದು ನೇರವಾಗಿ ಹೇಳಿದಳು. ಅತ್ತೆ ತೆಲುಗಿನಲ್ಲಿ ಗೊಣಗುತ್ತ ಒಳಗೆ ಹೋದರು. ತೀರ ಸಿಟ್ಟು ಬಂದಾಗ ಅವರಿಗೆ ಕನ್ನಡ ಸಾಲುವುದಿಲ್ಲ. ಆದರೆ ಮರುದಿನ ನಮ್ಮವರು ಡೆಕ್ಕನ್ನು ಕಂಪ್ಯೂಟರಿಗೆ ಜೋಡಿಸಿ ಕೂತಾಗ, ಹುರುಳಿ ಆರಿಸುವ ಮೊರ ಹಿಡಿದುಕೊಂಡು, ತಮಗೇನೂ ಸಂಬಂಧವಿಲ್ಲದವರಂತೆ ಬಂದು ಹಿಂದೆ ಕೂತರು.

ಆ ಮಾತು ಬಂತು, ಮಗಳ ಉತ್ತರವೂ ಬಂತು. ಮೊರದ ಮೇಲಿನ ಕೈ ನಿಂತಿತು.

"ಇನ್ನೊಂದ್ ಸಲ ಹಾಕೋ" ಎಂದರು ಅತ್ತೆ.

ನಮ್ಮವರು ಹಾಕಿದರು. ಎರಡನೆಯ ಸಲ ಕೇಳಿದ ಮೇಲೆ ಅತ್ತೆ ತಲೆಯೆತ್ತಿ ಗೋಡೆಯ ಫೋಟೋವನ್ನು ನೋಡಿದರು. ಆಮೇಲೆ ಮಗಳನ್ನು ಕೇಳಿದರು, "ಅವ್ರು ಅಷ್ಟು ಕೇಳಿದ್ರಲ್ಲೇ. ಯಾಕೆ ಹೇಳ್ಲಿಲ್ಲ ನೀನು?"

"ಆಗ್ಲೇ ಊಟಕ್ಕೆ ಎಲೆ ಹಾಕ್ಬಿಟ್ಟಿದ್ರಮ್ಮ."

ಯಾರೂ ನಗಲಿಲ್ಲ. ಅದು ತಮಾಷೆಯ ಮಾತಲ್ಲವೆಂದು ಆ ಕೋಣೆಯಲ್ಲಿದ್ದ ಮಿಕ್ಕ ಇಬ್ಬರು ಹೆಂಗಸರಿಗೆ, ತಮ್ಮ ತಮ್ಮ ಮದುವೆಯ ಹಸೆಯನ್ನು ನೆನೆದರೆ ಸಾಕಿತ್ತು, ಚೆನ್ನಾಗಿ ಗೊತ್ತಿತ್ತು. ನಮ್ಮವರೊಬ್ಬರೇ ತಾಂತ್ರಿಕ ನಿಷ್ಠೆಯಿಂದ ಮೌಸು ಹಿಡಿದು, "ಅಮ್ಮ, ಎಲ್ಲಿಂದ ಕತ್ತರಿಸ್ಲಿ?" ಎಂದು ಕೇಳಿದರು.

"ಏನೂ ಕತ್ತರಿಸ್ಬೇಡ" ಎಂದರು ಅತ್ತೆ. "ಆ ಹುಡ್ಗ ಎದ್ದು ಹೋಗಿದ್ದನ್ನ ನೋಡೇ ಅಲ್ವಾ ನಿಮ್ಮಪ್ಪ ಬಂದು ಆ ಮಾತು ಹೇಳಿದ್ದು. ಅವನ್ನ ತೆಗೆದ್ರೆ ಇವ್ರ ಮಾತಿಗೆ ಅರ್ಥ ಎಲ್ಲಿರುತ್ತೆ?"

ಮೊರವನ್ನು ಕೆಳಗಿಟ್ಟು ಮಗಳ ಕಡೆ ತಿರುಗಿದರು. "ಭಾರತಿ, ಈ ಸಾದಲಿ ಹುಡ್ಗ ನಿನ್ಗೆ ಇಷ್ಟನಾ? ಪರ್ವಾಗಿಲ್ಲ ಅನ್ಬೇಡ. ಇನ್ನೂ ಎಲೆ ಹಾಕಿಲ್ಲ, ಈಗ್ಲೇ ಹೇಳು."

ಭಾರತಿ ತಾಯಿಯ ಮುಖವನ್ನೇ ನೋಡಿದಳು. ಈ ಪ್ರಶ್ನೆಯನ್ನು ಆ ಮುಖ ತನ್ನನ್ನು ಕೇಳುವುದೆಂದು ಅವಳು ಎಣಿಸಿರಲಿಲ್ಲ. ಅವಳ ಕಣ್ಣು ತುಂಬಿತು.

"ಇಷ್ಟ ಇದಾನೆ ಕಣಮ್ಮ. ತುಂಬಾ ಇಷ್ಟ ಇದಾನೆ."

ಅತ್ತೆ ಒಮ್ಮೆ ತಲೆಯಾಡಿಸಿ, ಮತ್ತೆ ಮೊರ ಎತ್ತಿಕೊಂಡರು. "ಸೀನ, ಆ ಪ್ರಭಾಕರನ್ಗೆ ಒಂದ್ ಫೋನ್ ಮಾಡು. ಭಾನುವಾರ ಊಟಕ್ಕೆ ಬರ್ಲಿ. ಬಂದು ತನ್ ಮಾವನ್ನ ನೋಡ್ಲಿ."